ನಮ್ಮ ಹೆಣ್ಣುಮಕ್ಕಳೂ ಪರದೇಶದ ಇಂಗ್ಲಿಷ್ ಅಧ್ಯಾಪಕ ವೃತ್ತಿಯೂ

ಇಂಗ್ಲಿಷ್ ಎಂ.ಎ. ಪರೀಕ್ಷೆಯಲ್ಲಿ ತೇರ್ಗಡೆಯಾದ ನಮ್ಮ ಹಳೆಯ ವಿದ್ಯಾರ್ಥಿನಿಯರು ಪರದೇಶದ ವಿಶ್ವವಿದ್ಯಾನಿಲಯಗಳಲ್ಲಿ ಆ ಭಾಷೆಯನ್ನು ಕಲಿಸುವ ಕೆಲಸವನ್ನು ಹುಡುಕಿಕೊಂಡು ಹೋಗುವುದು ಯುಕ್ತವೇ ಎಂಬ ಪ್ರಶ್ನೆಯನ್ನು ಈಚೆಗೆ ತಾಯಿತಂದೆಗಳು ಮೇಲಿಂದ ಮೇಲೆ ಕೇಳುತ್ತಿದ್ದಾರೆ. ಕೇಳುವ ಧ್ವನಿಯಲ್ಲಿಯೇ ಅವರು ಬಯಸುವ ಉತ್ತರವೂ ಅಡಗಿರುತ್ತದೆ. “ಬೇಡವೆಂದು ತಾವಾದರೂ ಒಂದು ಮಾತು ಹೇಳಿರಿ” ಎಂಬುದೇ ಅವರ ಇಂಗಿತ. ಮಗಳಾದರೋ ಅದೇ ಕಾಲಕ್ಕೆ, ತನ್ನ ಉಚ್ಚಾರಣೆಯು ಆಂಗ್ಲರದರಂತಿಲ್ಲವೆಂದೂ, ಏಳನೆಯ ತರಗತಿಯವರೆಗೆ ಕನ್ನಡದಲ್ಲಿಯೇ ಓದಿದ ತನ್ನನ್ನು ಯಾವ ವಿಶ್ವವಿದ್ಯಾನಿಲಯದವರು ಸೇರಿಸಿಕೊಂಡಾರೆಂದೂ ಕುಗ್ಗಿ ಕುಳಿತಿರುತ್ತಾಳೆ. ಈ ಎರಡು ಅಭಿಪ್ರಾಯಗಳಿಗೂ ನಾನು ಒಡಂಬಡುವವಳಲ್ಲ. ಸಿದ್ಧತೆಯುಳ್ಳವಳು ಅವಶ್ಯವಾಗಿ ಹೋಗಬೇಕು. ಮತ್ತು ಯಾವುದನ್ನು ಅವಳು ತನ್ನ ಕೊರತೆಯೆಂದು ತಿಳಿದಿದ್ದಾಳೋ ಅದೇ ಆ ಕೆಲಸಕ್ಕೆ ಅವಳ ಮೊದಲನೆಯ ಅರ್ಹತೆ. ಸಿದ್ಧತೆಯಿಲ್ಲದೆ, ಯಾವನೋ ಏಜೆಂಟನ ಮಾತನ್ನು ನಂಬಿ ಹೊರಡುವವಳನ್ನು ಮಾತ್ರ ಕೈಹಿಡಿದು ನಿಲ್ಲಿಸತಕ್ಕದ್ದು.

ಹೊರಡುವ ಆಸೆಗೆ ಕಾರಣವನ್ನು ದೂರ ಹುಡುಕಬೇಕಾಗಿಲ್ಲ. ನಮ್ಮ ಸರಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕರೆಂಬ ಗೌರವದ ಹೆಸರಿನಿಂದ ದುಡಿಯುತ್ತಿದ್ದವರಿಗೆ 2022ರ ಆರಂಭದಲ್ಲಿ ಸಂಭಾವನೆಯನ್ನು ಪರಿಷ್ಕರಿಸುವ ತನಕ ತಿಂಗಳಿಗೆ 11,000ದಿಂದ 13,000 ರೂಪಾಯಿಗಳು ದೊರೆಯುತ್ತಿದ್ದುವು. ಅದೂ ತರಗತಿಗಳು ನಡೆಯುವ ತಿಂಗಳುಗಳಿಗೆ ಮಾತ್ರ. ಅತಿಥಿಸತ್ಕಾರಕ್ಕೆ ಹೆಸರಾದ ನಾಡಿನಲ್ಲಿ ಆ ಪದವನ್ನು ಇಂಥ ಕೆಲಸಕ್ಕೆ ಹಚ್ಚಿದವರು ಯಾರೋ ತಿಳಿಯದು. ಈಗ ಮೊತ್ತವು ಹೆಚ್ಚಿದೆ, ಆದರೆ ವರ್ಷ ವರ್ಷವೂ ಹೊಸದಾಗಿ ಅರ್ಜಿ ಹಾಕಿ ಕಾಯುವ ಸಂಕಟವು ತಪ್ಪಿಲ್ಲ. ಹೀಗಿರುವಲ್ಲಿ, ಓದಿದ ಹುಡುಗಿಯು ಕಡಲಾಚೆಗೆ ನೋಡಿದರೆ ಅದನ್ನು ದುರಾಶೆಯೆಂದು ಕರೆಯುವುದು ನ್ಯಾಯವಲ್ಲ.

ಆದರೆ ಪರದೇಶದ ಬಾಗಿಲುಗಳೆಲ್ಲವೂ ನಮಗೆ ಒಂದೇ ಸಮನಾಗಿ ತೆರೆದಿಲ್ಲ. ದಕ್ಷಿಣ ಕೊರಿಯವು ಇಂಗ್ಲಿಷ್ ಸಂಭಾಷಣೆಯನ್ನು ಕಲಿಸುವವರಿಗೆ ಕೊಡುವ ‘ಇ-2’ ಎಂಬ ವೀಸಾವನ್ನು ಅಮೆರಿಕ, ಬ್ರಿಟನ್, ಕೆನಡ, ಐರ್ಲೆಂಡ್, ಆಸ್ಟ್ರೇಲಿಯ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕ ಎಂಬ ಏಳು ದೇಶಗಳ ಪ್ರಜೆಗಳಿಗಾಗಿ ಇಟ್ಟಿದೆ. 2010ರ ಜನವರಿಯಿಂದ ಜಾರಿಯಲ್ಲಿರುವ ಭಾರತ–ಕೊರಿಯ ಒಡಂಬಡಿಕೆಯಂತೆ ನಮ್ಮವರು ಅಲ್ಲಿಯ ಶಾಲೆಗಳಲ್ಲಿ ಇಂಗ್ಲಿಷ್ ಸಹಾಯಕ ಶಿಕ್ಷಕರಾಗಬಹುದೆಂದಿದ್ದರೂ ಅದು ವಿಶ್ವವಿದ್ಯಾನಿಲಯದ ಕೆಲಸವಲ್ಲ. ಚೀನ ದೇಶದವರ ನಿಯಮವು ಭಾಷಾಶಿಕ್ಷಕನು ಸಾಮಾನ್ಯವಾಗಿ ತನ್ನ ಮಾತೃಭಾಷೆಯನ್ನೇ ಕಲಿಸುವವನಾಗಿರಬೇಕೆನ್ನುತ್ತದೆ. ಜಪಾನಿನ ವಿಶ್ವವಿದ್ಯಾನಿಲಯಗಳು ಎಂ.ಎ. ಪದವಿಯ ಜೊತೆಗೆ ಅಚ್ಚಾದ ಸಂಶೋಧನ ಲೇಖನಗಳನ್ನು ಕೇಳುವುದು ವಾಡಿಕೆ. ಸ್ಥಾನಗಳೂ ಬಹುಮಟ್ಟಿಗೆ ಕೆಲವು ವರ್ಷಗಳ ಅವಧಿಗೆ ಮಾತ್ರ. ಈ ದೇಶಗಳಿಗೆ ಹೋದವರೇ ಇಲ್ಲವೆಂದಲ್ಲ. ಆದರೂ ನಮ್ಮ ಕಡೆಯವರಿಗೆ ನಿಜವಾಗಿಯೂ ತೆರೆದ ಬಾಗಿಲು ಅರಬೀ ಸಮುದ್ರದ ಆಚೆಯ ದಡದಲ್ಲಿದೆ. ಅವುಗಳಲ್ಲಿ ಒಮಾನ್ ದೇಶವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ.

1970ರಲ್ಲಿ ಆ ದೇಶದಲ್ಲಿದ್ದ ಶಾಲೆಗಳು ಮೂರೇ ಮೂರು. ಅವುಗಳಲ್ಲಿ ಓದುತ್ತಿದ್ದವರು ಸುಮಾರು 900 ಮಂದಿ ಗಂಡುಹುಡುಗರು. ಹೆಣ್ಣುಮಕ್ಕಳ ಶಾಲೆಯೆಂಬುದೇ ಆ ವರ್ಷದ ರಾಜ್ಯಾಧಿಕಾರದ ಬದಲಾವಣೆಯಾದ ಮೇಲೆ ಹುಟ್ಟಿದ್ದು. 1986ರಲ್ಲಿ ಮಸ್ಕತ್ ಬಳಿ ಸುಲ್ತಾನ್ ಖಾಬೂಸ್ ವಿಶ್ವವಿದ್ಯಾನಿಲಯವು ತೆರೆಯಿತು. 2004ರಲ್ಲಿ ನಿಜ್ವಾ ವಿಶ್ವವಿದ್ಯಾನಿಲಯವು ಪಾಠ ಪ್ರಾರಂಭಿಸಿತು. ಊರೂರಿನ ತಾಂತ್ರಿಕ ಕಾಲೇಜುಗಳನ್ನೂ ಅನ್ವಯಿಕ ವಿಜ್ಞಾನಗಳ ಕಾಲೇಜುಗಳನ್ನೂ ಕೂಡಿಸಿ 2020ರಲ್ಲಿ ಇನ್ನೊಂದು ದೊಡ್ಡ ವಿಶ್ವವಿದ್ಯಾನಿಲಯವನ್ನು ರಚಿಸಿದರು. ಇಷ್ಟನ್ನು ಐವತ್ತು ವರ್ಷಗಳಲ್ಲಿ ಕಟ್ಟಿದ ಜನರಿಗೆ ಒಂದು ತೊಡಕು ಎದುರಾಯಿತು. ಶಾಲೆಯ ಪಾಠಗಳೆಲ್ಲ ಅರಬೀ ಭಾಷೆಯಲ್ಲಿ. ಎಂಜಿನಿಯರಿಂಗ್, ವಾಣಿಜ್ಯ, ವೈದ್ಯ ಮುಂತಾದ ಪದವಿ ಪಾಠಗಳು ಇಂಗ್ಲಿಷಿನಲ್ಲಿ. ನಡುವಣ ಹಳ್ಳವನ್ನು ದಾಟಿಸುವುದಕ್ಕಾಗಿ ಪದವಿಗೆ ಮುಂಚೆ ಒಂದು ತಳಹದಿ ತರಗತಿಯನ್ನಿಟ್ಟು, 2008ರಲ್ಲಿ ಅದಕ್ಕೆ ದೇಶಕ್ಕೆಲ್ಲ ಒಂದೇ ಮಟ್ಟವನ್ನು ಗೊತ್ತುಮಾಡಿದರು. ಇಂಗ್ಲಿಷ್, ಗಣಿತ, ಕಂಪ್ಯೂಟರ್, ಓದುವ ಕ್ರಮ ಎಂಬಿವು ಅದರ ವಿಷಯಗಳು. ಪರದೇಶದ ಇಂಗ್ಲಿಷ್ ಅಧ್ಯಾಪಕರಲ್ಲಿ ಬಹುಮಂದಿಗೆ ಕೆಲಸ ಸಿಕ್ಕುವುದು ಈ ತಳಹದಿ ತರಗತಿಗಳಲ್ಲಿಯೇ. ವಿಶ್ವವಿದ್ಯಾನಿಲಯವೆಂಬ ಹೆಸರನ್ನು ಕೇಳಿ ಷೇಕ್ಸ್‌ಪಿಯರನ ನಾಟಕಗಳನ್ನು ಬೋಧಿಸುವ ಕನಸು ಕಂಡವರು ಇದನ್ನು ಮೊದಲೇ ತಿಳಿದಿರುವುದು ಲೇಸು.

ಈಗ ಆ ತರಗತಿಯಲ್ಲಿ ಕುಳಿತಿರುವವರನ್ನು ನೋಡಿರಿ. ಹದಿನೆಂಟು ವರ್ಷದ ಹುಡುಗಿಯರು ಬೆಂಚುಗಳ ತುಂಬ ಇದ್ದಾರೆ. ಅವರ ಅಜ್ಜಿಯರು ಅಕ್ಷರವನ್ನು ಕಂಡವರಲ್ಲ. ಬಲದಿಂದ ಎಡಕ್ಕೆ ಬರೆದು ಅಭ್ಯಾಸವಾದ ಕೈ ಈಗ ಎಡದಿಂದ ಬಲಕ್ಕೆ ತಿರುಗಬೇಕಾಗಿದೆ. ಅರಬೀ ಭಾಷೆಯಲ್ಲಿ ‘ಪ’ಕಾರವಿಲ್ಲವಾದುದರಿಂದ ‘ಪಾರ್ಕ್’ ಎಂಬುದು ‘ಬಾರ್ಕ್’ ಆಗುತ್ತದೆ. ಹ್ರಸ್ವಸ್ವರಗಳನ್ನು ಬರೆಯದೆ ಊಹೆಯಿಂದ ಓದುವ ರೂಢಿಯಿರುವುದರಿಂದ ಇಂಗ್ಲಿಷ್ ಪದದ ಸ್ವರಗಳ ಮೇಲೆ ಕಣ್ಣು ನಿಲ್ಲುವುದಿಲ್ಲ. “ಆಕೆ ಉಪಾಧ್ಯಾಯಿನಿ” ಎಂಬುದನ್ನು “ಷೀ ಟೀಚರ್” ಎಂದು ಬರೆಯುತ್ತಾರೆ. ನಡುವೆ ‘ಇಸ್’ ಬೇಕೆಂದು ನೂರು ಸಲ ತಿದ್ದಿದರೂ ನೂರೊಂದನೆಯ ಸಲ ಅದು ಮಾಯವಾಗಿರುತ್ತದೆ. ಅರಬೀ ವಾಕ್ಯದಲ್ಲಿ ಆ ಸ್ಥಳದಲ್ಲಿ ಕ್ರಿಯಾಪದವಿಲ್ಲ.

ಕನ್ನಡದಲ್ಲಿಯೂ ಇಲ್ಲವಷ್ಟೆ! ನಮ್ಮ ಆರನೆಯ ತರಗತಿಯ ಬರವಣಿಗೆಯ ಪುಸ್ತಕಗಳಲ್ಲಿ ಇದೇ “ಷೀ ಟೀಚರ್” ಪ್ರತಿವರ್ಷವೂ ಕಾಣಸಿಗುತ್ತದೆ. ‘ಎಯ್ಟ್’ ಎನ್ನುವಲ್ಲಿ ‘ಯೆಯ್ಟ್’ ಎನ್ನುವುದು, ‘ಬಸ್’ಗೆ ಉಕಾರವನ್ನು ಅಂಟಿಸಿ ‘ಬಸ್ಸು’ ಮಾಡುವುದು, ‘ಎ’ ಎಲ್ಲಿ, ‘ದಿ’ ಎಲ್ಲಿ ಎಂದು ತಿಳಿಯದೆ ಎರಡನ್ನೂ ಬಿಟ್ಟುಬಿಡುವುದು, ಇವೆಲ್ಲ ನಮ್ಮ ಹಳೆಯ ವಿದ್ಯಾರ್ಥಿನಿಯರು ಒಮ್ಮೆ ತಾವೇ ದಾಟಿ ಬಂದ ಮೆಟ್ಟಿಲುಗಳು. ಇಂಗ್ಲಿಷನ್ನು ತೊಟ್ಟಿಲಿನಲ್ಲಿಯೇ ಕಲಿತವರಿಗೆ ಇದು ತಪ್ಪೆಂದು ತಿಳಿಯುತ್ತದೆ. ಏಕೆ ತಪ್ಪುತ್ತದೆಂಬುದು ಅನೇಕರಿಗೆ ತಿಳಿಯುವುದಿಲ್ಲ. “ಹಾಗೆ ಹೇಳುವ ವಾಡಿಕೆ” ಎಂದು ಅವರು ಮುಂದೆ ಸಾಗುತ್ತಾರೆ. ಒಂದು ಭಾಷೆಯಿಂದ ಇನ್ನೊಂದಕ್ಕೆ ತಾನೇ ನಡೆದುಬಂದವಳಿಗೆ ದಾರಿಯ ಕಲ್ಲುಮುಳ್ಳುಗಳ ನೆನಪಿರುತ್ತದೆ. ಶ್ರೀನಗರದಲ್ಲಿ ಹುಟ್ಟಿದ ವಿದ್ವಾಂಸ ಬ್ರಜ್ ಕಚ್ರು ಅವರು 1980ರ ದಶಕದಲ್ಲಿಯೇ ಇಂಗ್ಲಿಷ್ ಭಾಷೆಯು ಒಂದೆರಡು ದೇಶಗಳ ಸೊತ್ತಾಗಿ ಉಳಿದಿಲ್ಲವೆಂದೂ, ಭಾರತದಂಥ ದೇಶಗಳಲ್ಲಿ ಅದು ತನ್ನದೇ ಆದ ಜೀವನವನ್ನು ಪಡೆದಿದೆಯೆಂದೂ ಪ್ರತಿಪಾದಿಸಿದರು. ಆ ವಾದವನ್ನು ಓದದಿದ್ದರೂ ಚಿಂತೆಯಿಲ್ಲ, ಆದರೆ ಸಂದರ್ಶನದಲ್ಲಿ “ತಮ್ಮ ಮಾತೃಭಾಷೆ ಯಾವುದು?” ಎಂದು ಕೇಳಿದಾಗ ನಮ್ಮ ಹುಡುಗಿಯು ತಲೆ ತಗ್ಗಿಸಿ ‘ಕನ್ನಡ’ ಎಂದು ಪಿಸುಗುಟ್ಟುವ ಅವಶ್ಯವಿಲ್ಲ. ಅದನ್ನು ಸ್ಪಷ್ಟವಾಗಿ ಹೇಳಿ, ಅದರಿಂದ ತನಗೆ ತರಗತಿಯಲ್ಲಿ ಆಗುವ ಪ್ರಯೋಜನವನ್ನು ಎರಡು ಉದಾಹರಣೆಗಳಿಂದ ತೋರಿಸಿಕೊಡಲಿ.

ಹಾಗಾದರೆ ಸಿದ್ಧತೆಯೆಂದರೇನು? ನಮ್ಮ ವಿಶ್ವವಿದ್ಯಾನಿಲಯಗಳ ಇಂಗ್ಲಿಷ್ ಎಂ.ಎ. ಬಹುಮಟ್ಟಿಗೆ ಸಾಹಿತ್ಯದ ಎಂ.ಎ. ಕಾವ್ಯ, ಕಾದಂಬರಿ, ವಿಮರ್ಶೆ ಇವುಗಳಲ್ಲಿ ಪಳಗಿದವಳು ಒಂದು ಪ್ಯಾರಾವನ್ನು ಬರೆಯಲಿಕ್ಕೆ ಬಾರದ ಮೂವತ್ತು ಮಂದಿಗೆ ಆರು ವಾರಗಳಲ್ಲಿ ಅದನ್ನು ಕಲಿಸುವ ಬಗೆಯನ್ನು ಎಲ್ಲಿಯೂ ಓದಿರುವುದಿಲ್ಲ. ಸಂದರ್ಶಕರು ಕೇಳುವುದಾದರೋ ಅದನ್ನೇ: ನಡೆದುಹೋದ ಕ್ರಿಯೆಯನ್ನು ಹೇಳುವ ಎರಡು ಕಾಲರೂಪಗಳ ಭೇದವನ್ನು ದುರ್ಬಲ ತರಗತಿಗೆ ಹೇಗೆ ತಿಳಿಸುವಿರಿ? ಅರ್ಧ ಮಂದಿ ಮನೆಪಾಠವನ್ನು ಮಾಡದೆ ಬಂದರೆ ಆ ದಿನ ಏನು ಮಾಡುವಿರಿ? ಹತ್ತು ನಿಮಿಷ ಪಾಠ ಮಾಡಿ ತೋರಿಸಿರಿ. ಇದಕ್ಕೆ ಉತ್ತರವು ಪುಸ್ತಕದಿಂದ ಬರುವುದಲ್ಲ. ಎರಡು ಮೂರು ವರ್ಷಗಳಾದರೂ ನಮ್ಮ ತಾಲೂಕು ಕೇಂದ್ರಗಳ ಕಾಲೇಜಿನಲ್ಲಿಯೋ ಪ್ರೌಢಶಾಲೆಯಲ್ಲಿಯೋ ಸೀಮೆಸುಣ್ಣವನ್ನು ಹಿಡಿದು ನಿಂತವಳಿಗೆ ಮಾತ್ರ ಅದು ಬಂದೀತು. ಸರಿಯಾಗಿ ಪ್ರಚಾರ ಮಾಡಿದ ಕೆಲಸಗಳಿಗೆ ಅನುಭವವನ್ನು ಕೇಳದೆ ಇರುವುದೂ ಅಪರೂಪ.

ತರಬೇತಿಯ ಬಗ್ಗೆ ಒಂದು ಮಾತು. ಅಂತರ್ಜಾಲದಲ್ಲಿ ‘120 ಗಂಟೆಗಳ ಪ್ರಮಾಣಪತ್ರ’ಗಳು ಸಂತೆಯ ಬಳೆಗಳಂತೆ ಮಾರಾಟವಾಗುತ್ತಿವೆ. ಕೇಂಬ್ರಿಜಿನವರ ‘ಸೆಲ್ಟಾ’ ಎಂಬ ತರಬೇತಿಯೂ ಸುಮಾರು 120 ಗಂಟೆಗಳದೇ. ಆದರೆ ಅದರಲ್ಲಿ ನಿಜವಾದ ವಿದ್ಯಾರ್ಥಿಗಳ ಮುಂದೆ, ಪರೀಕ್ಷಕರು ಹಿಂದೆ ಕುಳಿತು ನೋಡುತ್ತಿರುವಾಗ, ಆರು ಗಂಟೆಗಳ ಕಾಲ ಪಾಠ ಹೇಳಲೇಬೇಕು. ಅಗ್ಗದ ಪ್ರಮಾಣಪತ್ರಗಳಲ್ಲಿ ಗಂಟೆಗಳ ಸಂಖ್ಯೆಯನ್ನು ಮಾತ್ರ ನಕಲು ಮಾಡಿದ್ದಾರೆ. ಸೆಲ್ಟಾದ ಶುಲ್ಕವು ನಮ್ಮ ಮನೆಗಳಿಗೆ ಹೊರೆಯೇ ಸರಿ. ಅದು ಸಾಧ್ಯವಿಲ್ಲದವರು ಹೈದರಾಬಾದಿನ ವಿಶ್ವವಿದ್ಯಾನಿಲಯವನ್ನು ವಿಚಾರಿಸಲಿ. 1958ರಲ್ಲಿ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯಾಗಿ ಹುಟ್ಟಿ, 2007ರಲ್ಲಿ ಇಂಗ್ಲಿಷ್ ಮತ್ತು ವಿದೇಶೀ ಭಾಷೆಗಳ ವಿಶ್ವವಿದ್ಯಾನಿಲಯವಾದ ಸಂಸ್ಥೆ ಅದು. ಇಂಗ್ಲಿಷ್ ಬೋಧನೆಯಲ್ಲಿಯೇ ವಿಶೇಷ ಶಿಕ್ಷಣವನ್ನು ಕೊಡುವುದರಲ್ಲಿ ಅದಕ್ಕೆ ದೀರ್ಘಕಾಲದ ಹೆಸರಿದೆ.

ವಿವಾಹವಾದ ಮೇಲೆ ಅಂಚೆಯ ಮೂಲಕ ಓದಿ ಎಂ.ಎ. ಪಡೆದ ಸೋದರಿಯರಿಗೆ ಹೇಳಬೇಕಾದ ಮಾತೊಂದಿದೆ. ಹೇಳಲು ಮನಸ್ಸು ಹಿಂದೆಗೆಯುತ್ತದೆ. ಕೊಲ್ಲಿ ದೇಶಗಳ ಸರಕಾರಗಳು ದೂರಶಿಕ್ಷಣದ ಪದವಿಯನ್ನು ಹಲವು ವೇಳೆ ಅಂಗೀಕರಿಸುವುದಿಲ್ಲ. ಮಗುವನ್ನು ಮಲಗಿಸಿ ರಾತ್ರಿ ಓದಿದವಳ ಪದವಿಯು ದಿನವೂ ಕಾಲೇಜಿಗೆ ಹೋಗಿ ಬಂದವಳದಕ್ಕಿಂತ ಕೀಳೆಂದು ನಾನು ಎಣಿಸುವುದಿಲ್ಲ. ಆದರೆ ಅಲ್ಲಿಯ ಗುಮಾಸ್ತನು ನನ್ನ ಎಣಿಕೆಯನ್ನು ಕೇಳುವವನಲ್ಲ. ಇಂಥವರು ಕಾಗದಪತ್ರಗಳಿಗೆ ಹಣ ಖರ್ಚುಮಾಡುವುದಕ್ಕೆ ಮುಂಚೆಯೇ ಆ ವಿಶ್ವವಿದ್ಯಾನಿಲಯಕ್ಕೆ ನೇರವಾಗಿ ಬರೆದು ಕೇಳಿಕೊಳ್ಳಲಿ.

ಇನ್ನು ಹೆಸರಿನ ವಿಷಯ. ಇದು ನಮ್ಮ ಶಾಲೆಯ ಕಚೇರಿಗೆ ಚೆನ್ನಾಗಿ ಪರಿಚಿತವಾದ ಸಂಕಟ. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಎರಡು ಅಕ್ಷರಗಳು. ಪದವಿಪತ್ರದಲ್ಲಿ ಒಂದೇ ಅಕ್ಷರ. ಪಾಸ್‌ಪೋರ್ಟಿನಲ್ಲಿ ತಂದೆಯ ಪೂರ್ಣ ಹೆಸರು. ಮದುವೆಯಾದವಳಾದರೆ ಬ್ಯಾಂಕಿನ ಪುಸ್ತಕದಲ್ಲಿ ಗಂಡನ ಹೆಸರು. ನಮ್ಮೂರಿನಲ್ಲಿ ಇದೆಲ್ಲವೂ ಒಬ್ಬಳೇ ಎಂದು ಬಲ್ಲೆವು. ಮಸ್ಕತ್ತಿನಲ್ಲಿ ಇವರು ನಾಲ್ವರು ಬೇರೆ ಬೇರೆ ಹೆಂಗಸರು. ಕೆಲಸ ಸಿಕ್ಕಿ ಟಿಕೆಟು ಬಂದ ಮೇಲೆ ತಿದ್ದುಪಡಿಗಾಗಿ ಓಡಿಬಂದರೆ ಶಾಲೆಯಾಗಲಿ ಪರೀಕ್ಷಾ ಮಂಡಲಿಯಾಗಲಿ ವಾರದಲ್ಲಿ ಏನನ್ನೂ ಮಾಡಲಾರದು. ಈಗ ಹತ್ತನೆಯ ತರಗತಿಯಲ್ಲಿರುವ ಮಕ್ಕಳ ತಾಯಿತಂದೆಗಳೂ ಇದನ್ನು ಗಮನಿಸಲಿ: ಮಂಡಲಿಗೆ ಹೆಸರುಗಳನ್ನು ಕಳುಹಿಸುವ ಮುನ್ನ ನಾವು ತೋರಿಸುವ ಪಟ್ಟಿಗೆ ನೋಡದೆ ರುಜು ಹಾಕಬೇಡಿರಿ.

ಪದವಿಪತ್ರಗಳನ್ನು ರಾಜ್ಯದ ಅಧಿಕಾರಿಗಳಿಂದ ದೃಢೀಕರಿಸಿ, ಅನಂತರ ವಿದೇಶಾಂಗ ಖಾತೆಯಿಂದ ‘ಅಪೊಸ್ಟಿಲ್’ ಎಂಬ ಮುದ್ರೆಯನ್ನು ಪಡೆಯಬೇಕು. ನಮ್ಮ ದೇಶವು ಈ ಕ್ರಮಕ್ಕೆ 2005ರಲ್ಲಿ ಸೇರಿತು. ಒಮಾನ್ 2012ರಲ್ಲಿ, ಸೌದಿ ಅರೇಬಿಯ 2022ರಲ್ಲಿ. ಸೇರದಿರುವ ದೇಶಗಳಿಗೆ ಆಯಾ ರಾಯಭಾರಿ ಕಚೇರಿಯ ಮುದ್ರೆಯೂ ಬೇಕು. ವಿಶ್ವವಿದ್ಯಾನಿಲಯದಿಂದ ಘಟಿಕೋತ್ಸವದ ಮೂಲಪತ್ರವನ್ನು ಪಡೆಯದೆ ತಾತ್ಕಾಲಿಕ ಪತ್ರದ ಮೇಲೆಯೇ ವರ್ಷಗಳನ್ನು ಕಳೆದವರು ಅದನ್ನು ಮೊದಲು ತರಿಸಿಕೊಳ್ಳಲಿ.

ಇಂಗ್ಲಿಷಿನಲ್ಲಿ ಹತ್ತು ವರ್ಷ ಪಾಠ ಹೇಳಿದವಳನ್ನೂ ‘ಐಇಎಲ್‌ಟಿಎಸ್’ ಪರೀಕ್ಷೆಗೆ ಕುಳಿತುಕೊಳ್ಳೆಂದು ಕೇಳುವುದುಂಟು. ಅದೇ ಕೆಲಸಕ್ಕೆ ಬರುವ ಆಂಗ್ಲ ಯುವಕನನ್ನು ಕೇಳುವುದಿಲ್ಲ. ಪಾಸ್‌ಪೋರ್ಟಿನ ಬಣ್ಣವನ್ನು ನೋಡಿ ಸಂಬಳದ ದರ್ಜೆಯನ್ನು ಗೊತ್ತುಮಾಡುವ ಸಂಸ್ಥೆಗಳೂ ಇಲ್ಲದಿಲ್ಲ. ಇದು ಅನ್ಯಾಯವೇ, ಅನ್ಯಾಯವಲ್ಲವೆಂದು ಸಮಾಧಾನ ಹೇಳುವುದು ನನ್ನ ಉದ್ದೇಶವಲ್ಲ. ಆದರೂ ಪರೀಕ್ಷೆಗೆ ಕುಳಿತು ಒಳ್ಳೆಯ ಅಂಕಗಳನ್ನು ತೆಗೆಯಿರಿ ಎಂದೇ ನನ್ನ ಸಲಹೆ. ಅದರ ಫಲಿತಾಂಶವು ಎರಡು ವರ್ಷಗಳ ತನಕ ಮಾತ್ರ ನಡೆಯುತ್ತದೆ. ಆದಕಾರಣ ಅರ್ಜಿ ಹಾಕುವ ಕಾಲಕ್ಕೆ ಸರಿಯಾಗಿ ಬರೆಯುವುದು ಮೇಲು. ಸಂಬಳದ ಭೇದವನ್ನಾದರೋ ಹೋಗುವ ಮೊದಲೇ ವಿಚಾರಿಸಿ, ಸಹಿಸಲಾರೆನೆಂದು ತೋರಿದರೆ ಹೋಗದಿರುವುದೇ ವಾಸಿ. ಹೋಗಿ, ಪಕ್ಕದ ಮೇಜಿನವನ ಸಂಬಳವನ್ನು ದಿನವೂ ಲೆಕ್ಕಿಸುತ್ತ ಕುಳಿತರೆ ಪಾಠವೂ ಕೆಡುತ್ತದೆ, ನಿದ್ರೆಯೂ ಕೆಡುತ್ತದೆ.

ಏಜೆಂಟರ ವಿಷಯದಲ್ಲಿ ತಾಯಿತಂದೆಗಳಿಗಿರುವ ಹೆದರಿಕೆ ಆಧಾರವಿಲ್ಲದುದಲ್ಲ. ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳಿಂದ ಒಂದು ಏಜೆನ್ಸಿಯವರು ಎರಡು ಲಕ್ಷ ರೂಪಾಯಿಗಳನ್ನು ಪಡೆದು, ‘ಮೊದಲು ಸಂದರ್ಶಕರ ವೀಸಾದ ಮೇಲೆ ಹೋಗಿರಿ, ಅಲ್ಲಿ ಕೆಲಸದ ವೀಸಾ ಆಗುತ್ತದೆ’ ಎಂದಿದ್ದರು. ಅವಳ ತಾಯಿಯು ಹಣದ ರಸೀದಿಯನ್ನು ಕೇಳಿದ್ದರಿಂದ ಮಾತು ಅಲ್ಲಿಗೇ ಮುರಿಯಿತು. ಹಣದಲ್ಲಿ ಅರ್ಧ ಮಾತ್ರ ಹಿಂದಕ್ಕೆ ಬಂತು. 1983ರ ವಲಸೆ ಕಾಯಿದೆಯ ನಿಯಮಗಳಂತೆ, ನೋಂದಾಯಿತ ಏಜೆಂಟನು ತೆಗೆದುಕೊಳ್ಳಬಹುದಾದ ಸೇವಾಶುಲ್ಕವು ತೆರಿಗೆಯನ್ನು ಬಿಟ್ಟು 30,000 ರೂಪಾಯಿಗಳಿಗೆ ಮೀರಕೂಡದು. ನೋಂದಾಯಿತನೋ ಅಲ್ಲವೋ ಎಂಬುದನ್ನು ಕೇಂದ್ರ ಸರಕಾರದ ‘ಇ-ಮೈಗ್ರೇಟ್’ ತಾಣದಲ್ಲಿ ನೋಡಿಕೊಳ್ಳಬಹುದು. ಇನ್ನೊಂದು ಸೂಕ್ಷ್ಮವನ್ನು ಬಹಳ ಮಂದಿ ಅರಿಯರು. ಹತ್ತನೆಯ ತರಗತಿಯನ್ನು ಮುಗಿಸಿದವರ ಪಾಸ್‌ಪೋರ್ಟಿಗೆ ವಲಸೆ ಪರಿಶೀಲನೆಯ ಅವಶ್ಯವಿಲ್ಲವೆಂದು ಇರುವುದಷ್ಟೆ. ಅಕ್ಷರವರಿಯದ ಕೂಲಿಯ ಕರಾರನ್ನು ಸರಕಾರಿ ಅಧಿಕಾರಿಯು ಓದಿ ನೋಡುತ್ತಾನೆ, ಎಂ.ಎ. ಆದವಳ ಕರಾರನ್ನು ಯಾರೂ ಓದುವುದಿಲ್ಲ. ಆಕೆ ವಿದ್ಯಾವತಿಯಾದುದರಿಂದ ತಾನೇ ಓದಿಕೊಳ್ಳುತ್ತಾಳೆಂಬ ಎಣಿಕೆ. ಆದುದರಿಂದ ಓದಿರಿ: ವಾರಕ್ಕೆ ಎಷ್ಟು ಗಂಟೆಗಳ ಪಾಠ, ವಸತಿಯನ್ನು ಯಾರು ಕೊಡುತ್ತಾರೆ, ಬೇಸಗೆಯ ರಜೆಗೆ ಸಂಬಳವುಂಟೋ ಇಲ್ಲವೋ, ಅವಧಿಗೆ ಮುಂಚೆ ಬಿಟ್ಟರೆ ತೆರಬೇಕಾದುದೇನು. ಮದುವೆಯಾದವರು, ಪತಿಯನ್ನೂ ಮಕ್ಕಳನ್ನೂ ತಮ್ಮ ವೀಸಾದ ಮೇಲೆ ಕರೆಸಿಕೊಳ್ಳಬಹುದೇ ಎಂಬುದನ್ನು ಬರಹದಲ್ಲಿಯೇ ಕೇಳಿ ಪಡೆಯಬೇಕು. ಗಂಡಸಿಗೆ ಇರುವ ಅನುಕೂಲವು ಹೆಂಗಸಿಗೂ ತಾನಾಗಿಯೇ ಇರುವುದೆಂದು ತಿಳಿಯಬಾರದು.

ಆಪತ್ತಿನ ಮಾತನ್ನು ಮರೆಮಾಚಲಾರೆ. ಲಿಬಿಯ, ಯೆಮನ್ ದೇಶಗಳ ಕಾಲೇಜುಗಳಲ್ಲಿ ಒಂದು ಕಾಲಕ್ಕೆ ಭಾರತೀಯ ಅಧ್ಯಾಪಕರು ಅನೇಕರಿದ್ದರು. 2011ರಲ್ಲಿ ಲಿಬಿಯದಿಂದಲೂ, 2015ರ ಏಪ್ರಿಲಿನಲ್ಲಿ ಯೆಮನಿನಿಂದಲೂ ನಮ್ಮ ಸರಕಾರವು ಹಡಗು ವಿಮಾನಗಳನ್ನು ಕಳುಹಿಸಿ ಜನರನ್ನು ಕರೆತರಬೇಕಾಯಿತು. ಯೆಮನಿನಿಂದ ಬಂದ ಭಾರತೀಯರೇ 4,600ಕ್ಕೆ ಮಿಕ್ಕವರು. ಅದೇ ವರ್ಷದ ಜುಲೈಯಲ್ಲಿ ಲಿಬಿಯದ ಸಿರ್ತ್ ವಿಶ್ವವಿದ್ಯಾನಿಲಯಕ್ಕೆ ಸೇರಿದ ನಾಲ್ವರು ಭಾರತೀಯರು ಅಪಹರಿಸಲ್ಪಟ್ಟರು. ಕರ್ನಾಟಕದವರಿಬ್ಬರು ಕೆಲವೇ ದಿನಗಳಲ್ಲಿ ಬಿಡುಗಡೆಯಾದರು, ಉಳಿದಿಬ್ಬರು ಒಂದು ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿದ್ದರು. ದೇಶವನ್ನು ಆರಿಸುವಾಗ ಸಂಬಳವನ್ನು ಮಾತ್ರ ನೋಡತಕ್ಕದ್ದಲ್ಲ ಎಂಬುದಕ್ಕೆ ಇಷ್ಟು ಸಾಕು. ಆದರೆ ತಂದೆಯರಲ್ಲಿ ನನ್ನದೊಂದು ಪ್ರಶ್ನೆಯಿದೆ. ಇಪ್ಪತ್ತೆರಡು ವರ್ಷದ ಮಗನು ದುಬೈಗೆ ಹೊರಟಾಗ ಕರಾರುಪತ್ರವನ್ನು ಓದಿದಿರಾ? ಯಾವ ಕಂಪೆನಿಯೆಂದು ಕೇಳಿದಿರಾ? ಮಗಳು ಮೂವತ್ತರ ಪ್ರಾಯದಲ್ಲಿ, ಕೈಯಲ್ಲಿ ವಿಶ್ವವಿದ್ಯಾನಿಲಯದ ಮುದ್ರೆಯುಳ್ಳ ಆಹ್ವಾನವನ್ನು ಹಿಡಿದು ನಿಂತಾಗ ಮಾತ್ರ ಪ್ರಪಂಚದ ಅಪಾಯಗಳೆಲ್ಲ ನೆನಪಾಗುವುದೇಕೆ? ಆ ಎಚ್ಚರವು ಇಬ್ಬರಿಗೂ ಸಮನಾಗಿ ಇರಲಿ, ಅನುಮತಿಯೂ ಸಮನಾಗಿರಲಿ.

ಮಸ್ಕತ್ತಿನಲ್ಲಿ ಆದಿತ್ಯವಾರವು ಕೆಲಸದ ದಿನ. 2013ರಿಂದ ವಾರದ ರಜೆಯು ಶುಕ್ರವಾರ ಶನಿವಾರಗಳಲ್ಲಿ. ಆರಾಧನೆ ತಪ್ಪೀತೆಂದು ಚಿಂತಿಸುವ ತಾಯಂದಿರು, ಅಲ್ಲಿಯ ರೂವಿ ಎಂಬ ಬಡಾವಣೆಯಲ್ಲಿ ದೇವಾಲಯಗಳಿವೆಯೆಂದೂ ಶುಕ್ರವಾರದಂದು ಸಭೆ ಸೇರುವ ರೂಢಿಯಿದೆಯೆಂದೂ ತಿಳಿಯಲಿ. ಹೋಗುವವಳು ಅರಬೀ ಅಕ್ಷರಗಳನ್ನೂ ನೂರಿನ್ನೂರು ಮಾತುಗಳನ್ನೂ ಇಲ್ಲಿಂದಲೇ ಕಲಿತು ಹೋದರೆ ಉತ್ತಮ. 1853ರಲ್ಲಿ ಈ ದೇಶಕ್ಕೆ ಬಂದ ಕಿಟ್ಟೆಲರು ನಮ್ಮ ಭಾಷೆಯನ್ನು ಕಲಿಯುವುದಕ್ಕೆ ಕುಳಿತು, 1894ರಲ್ಲಿ ನಿಘಂಟನ್ನು ನಮ್ಮ ಕೈಗಿತ್ತರು. ಅಷ್ಟನ್ನು ಯಾರೂ ಕೇಳುವುದಿಲ್ಲ. ಆದರೆ ವಿದ್ಯಾರ್ಥಿನಿಯ ಹೆಸರನ್ನು ಸರಿಯಾಗಿ ಉಚ್ಚರಿಸುವ ಉಪಾಧ್ಯಾಯಿನಿಯ ಮಾತಿಗೆ ಎಲ್ಲ ದೇಶಗಳಲ್ಲಿಯೂ ಬೆಲೆಯುಂಟು.

ಈ ಕೆಲಸಗಳು ಶಾಶ್ವತವಾದವುಗಳಲ್ಲ. ಕರಾರುಗಳು ಒಂದೆರಡು ವರ್ಷಗಳವು. ಆ ದೇಶದ ಮಕ್ಕಳೇ ಓದಿ ಅಧ್ಯಾಪಕರಾಗುತ್ತಿರುವುದರಿಂದ ಸ್ಥಾನಗಳು ಕ್ರಮೇಣ ಅವರಿಗೆ ಸಲ್ಲತಕ್ಕವು, ಅದು ನ್ಯಾಯವೂ ಹೌದು. ಹಿಂದಿರುಗಿ ಬಂದವಳು ಇಲ್ಲಿಯ ಕಾಲೇಜಿನಲ್ಲಿ ಖಾಯಂ ಕೆಲಸವನ್ನು ಅಪೇಕ್ಷಿಸಿದರೆ ಪರದೇಶದ ಅನುಭವವೊಂದೇ ಸಾಲದು. ‘ನೆಟ್’ ಅಥವಾ ‘ಕೆ-ಸೆಟ್’ ಪರೀಕ್ಷೆಯನ್ನು ಕೇಳುತ್ತಾರೆ. ಸಹಾಯಕ ಪ್ರಾಧ್ಯಾಪಕರ ಕೆಲಸಕ್ಕೆ ಆ ಅರ್ಹತೆಯು ಒಮ್ಮೆ ದೊರೆತರೆ ಜೀವಮಾನವೆಲ್ಲ ನಡೆಯುತ್ತದೆ. ಪುಸ್ತಕಗಳು ಇನ್ನೂ ಕೈಗೆಟಕುವಂತಿರುವಾಗ, ಹೊರಡುವ ಮುಂಚೆಯೇ ಅದನ್ನು ಮುಗಿಸಿಕೊಂಡಿರಬೇಕು.